ಮೂರು ವರ್ಷ ಬ್ಯಾಗಿನಲ್ಲಿ, ನಲವತ್ತು ನಿಮಿಷ ಕೈಯಲ್ಲಿ: ಒಂದು ಹ್ಯಾಂಡ್‌ಹೆಲ್ಡ್ ವಿಮಾನ ರೇಡಿಯೋದ ವಿಮರ್ಶೆ

ಈ ರೇಡಿಯೋ ತಗೊಂಡ ಮೊದಲ ವಾರ ಆಟಿಕೆ ಸಿಕ್ಕ ಮಗುವಿನ ಹಾಗೆ ತಾರಸಿ ಮೇಲೆ ನಿಂತು ಹಾದುಹೋಗುವ ವಿಮಾನಗಳ ಮಾತು ಕೇಳಿದ್ದೆ. ಆಮೇಲೆ ಅದು ಫ್ಲೈಟ್ ಬ್ಯಾಗಿನ ತಳ ಸೇರಿತು. ನೆನಪಾದಾಗ ಚಾರ್ಜ್ ಮಾಡುತ್ತಿದ್ದೆ, ಅಷ್ಟೇ. ಆ ವಾರವೇ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ. ಪುಣ್ಯಕ್ಕೆ ಬರೆಯಲಿಲ್ಲ. ಈಗ ಅದು ನಿಜವಾಗಿ ಬೇಕಾದ ಮೇಲೆ ಬರೆಯುತ್ತಿದ್ದೇನೆ. ಐದಕ್ಕೆ ಮೂರೂವರೆ.

ಕಂಪನಿ ಹೆಸರು ಬೇಕಂತಲೇ ಹಾಕಿಲ್ಲ. ಈ ಜಾತಿಯ ರೇಡಿಯೋ ಮಾಡುವವರೇ ಬೆರಳೆಣಿಕೆಯಷ್ಟು. ನಾನು ಹೇಳುವ ಗುಣ, ದೋಷ ಎರಡೂ ಹೆಚ್ಚುಕಮ್ಮಿ ಎಲ್ಲದಕ್ಕೂ ಹೊಂದುತ್ತವೆ. ನನ್ನದು ದುಬಾರಿ ಮಾದರಿ: ಮಾತಾಡೋಕೆ 118ರಿಂದ 136.975 ಮೆಗಾಹರ್ಟ್ಸ್, ದಾರಿ ನೋಡೋಕೆ 108ರಿಂದ 117.95ರವರೆಗೆ ವಿಒಆರ್ (ನೆಲದ ಮೇಲಿನ ಕೇಂದ್ರದಿಂದ ಬರುವ, ದಿಕ್ಕು ತಿಳಿಸುವ ರೇಡಿಯೋ ಸಿಗ್ನಲ್), ಅದರ ಮೇಲೆ ಜಿಪಿಎಸ್. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 6 ವಾಟ್ ಅಂತ ಬರೆದಿತ್ತು. ಈ 6 ವಾಟಿನ ಕಥೆಗೆ ಆಮೇಲೆ ಬರುತ್ತೇನೆ.

ಅವತ್ತು ಒಬ್ಬನೇ ಹಾರುತ್ತಿದ್ದೆ. ಕ್ಲಬ್ಬಿನ ಹಳೆಯ ನಾಲ್ಕು ಸೀಟಿನ ವಿಮಾನ, ರೆಕ್ಕೆ ಮೇಲಿರುವಂಥದ್ದು. 3,500 ಅಡಿ, ಹಗಲು, ಸ್ವಲ್ಪ ಮಬ್ಬು. ತಲುಪಬೇಕಾದ ಏರೋಡ್ರೋಮ್ ಇನ್ನೂ 38 ನಾಟಿಕಲ್ ಮೈಲಿ ಮುಂದಿತ್ತು. ಮೊದಲು ಗಮನಕ್ಕೆ ಬಂದದ್ದು ಕಿವಿಯಲ್ಲಿನ ಗರಗರ. ಆಮೇಲೆ ರೇಡಿಯೋದ ಅಂಕಿಗಳು ಮಂಕಾದವು. ಅಮ್ಮೀಟರ್ ನೋಡಿದರೆ ಮುಳ್ಳು ಡಿಸ್ಚಾರ್ಜ್ ಕಡೆ ವಾಲಿತ್ತು. ಕಡಿಮೆ ವೋಲ್ಟೇಜಿನ ಕೆಂಪು ದೀಪ ಯಾವಾಗಿಂದ ಉರಿಯುತ್ತಿತ್ತೋ, ಬಿಸಿಲು ನೇರ ಅದರ ಮೇಲೇ ಬಿದ್ದಿತ್ತು, ನಾನು ನೋಡಿರಲಿಲ್ಲ. ಇಂಜಿನ್ ಓಡುವಾಗ ಕರೆಂಟು ಮಾಡುವ ಆಲ್ಟರ್ನೇಟರ್ ಯಾವಾಗಲೋ ಕೈಕೊಟ್ಟಿತ್ತು. ಅಷ್ಟು ಹೊತ್ತೂ ಬ್ಯಾಟರಿ ಒಂದೇ ಇಡೀ ಸಂಸಾರ ಸಾಕುತ್ತಿತ್ತು.

ಚೆಕ್‌ಲಿಸ್ಟ್‌ನಲ್ಲಿ ಇದ್ದದ್ದನ್ನು ಮಾಡಿದೆ. ಸರ್ಕ್ಯೂಟ್ ಬ್ರೇಕರ್ ನೋಡಿದೆ, ಆಲ್ಟರ್ನೇಟರ್ ಸ್ವಿಚ್ ಒಮ್ಮೆ ಆಫ್ ಮಾಡಿ ಆನ್ ಮಾಡಿದೆ. ಏನೂ ಬದಲಾಗಲಿಲ್ಲ. ಬೇಡದ್ದನ್ನೆಲ್ಲ ಆಫ್ ಮಾಡಬೇಕಿತ್ತು. ಮಾಡುವ ಮೊದಲು ಏರೋಡ್ರೋಮಿನ ಟವರ್‌ಗೆ ಒಂದು ಮಾತು ಹೇಳಿಬಿಡೋಣ ಅಂದುಕೊಂಡೆ. ತಪ್ಪಾಗಿದ್ದು ಅಲ್ಲೇ. ರೇಡಿಯೋ ಸುಮ್ನೆ ಕೇಳುವಾಗ ತಿನ್ನುವ ಕರೆಂಟು ಕಡಿಮೆ, ಮಾತಾಡುವಾಗ ಎಷ್ಟೋ ಪಟ್ಟು ಜಾಸ್ತಿ. ನನ್ನ ಕರೆಸೈನ್ (ವಿಮಾನದ ಗುರುತಿನ ಹೆಸರು) ಹೇಳಿದೆ, ಎತ್ತರ ಹೇಳಿದೆ, ‘ಆಲ್ಟರ್ನೇಟರ್’ ಅನ್ನುವಷ್ಟರಲ್ಲಿ ಎಲ್ಲಾ ಹೋಯಿತು.

ಎಲ್ಲಾ ಅಂದರೆ ಎಲ್ಲಾ. ಎರಡು ರೇಡಿಯೋ, ಪ್ಯಾನೆಲ್‌ನ ಜಿಪಿಎಸ್, ಇಂಟರ್‌ಕಾಮ್. ವಿಒಆರ್ ಡಯಲಿನಲ್ಲಿ ಕೆಂಪು ಫ್ಲ್ಯಾಗ್ ಇಳಿಯಿತು. ಪೆಟ್ರೋಲ್ ಗೇಜಿನ ಎರಡೂ ಮುಳ್ಳು ಸೊನ್ನೆಗೆ ಬಿದ್ದವು. ಇದೊಂದು ಮಾತ್ರ ನಿಜವಾಗಿ ಎದೆ ಝಲ್ ಅನ್ನಿಸಿತು. ಗೇಜಿಗೂ ಕರೆಂಟೇ ಬೇಕು ಅಂತ ಗೊತ್ತು. ಹೊರಡುವ ಮೊದಲು ಟ್ಯಾಂಕಿಗೆ ಕೋಲು ಇಳಿಬಿಟ್ಟು ಅಳೆದು, ನಾಲ್ಕು ಗಂಟೆಗೆ ಸಾಕು ಅಂತ ಮೊಣಕಾಲ ಮೇಲಿನ ಪ್ಯಾಡಿನಲ್ಲಿ ನಾನೇ ಬರೆದಿದ್ದೆ. ಆದರೂ ಸೊನ್ನೆ ತೋರಿಸುವ ಮುಳ್ಳನ್ನು ಕಣ್ಣು ನಂಬುತ್ತದೆ. ಇಂಜಿನ್ ಮಾತ್ರ ತನಗೂ ಇದಕ್ಕೂ ಸಂಬಂಧ ಇಲ್ಲ ಅನ್ನುವ ಹಾಗೆ ಓಡುತ್ತಿತ್ತು. ಅದರ ಕಿಡಿ ಬರೋದು ಇಂಜಿನ್ ಜೊತೆ ತಿರುಗಿ ತಾನೇ ಕರೆಂಟು ಮಾಡಿಕೊಳ್ಳುವ ಮ್ಯಾಗ್ನೆಟೋದಿಂದ, ಬ್ಯಾಟರಿಯಿಂದ ಅಲ್ಲ. ವೇಗ ತೋರಿಸುವ ಡಯಲ್, ಎತ್ತರದ ಡಯಲ್ ಎರಡೂ ಗಾಳಿಯ ಒತ್ತಡದಲ್ಲಿ ನಡೆಯುವಂಥವು, ಅವೂ ಸರಿ ಇದ್ದವು. ಹೆಡಿಂಗ್ ಇಂಡಿಕೇಟರ್, ಅಂದರೆ ಮೂಗು ಯಾವ ದಿಕ್ಕಿಗಿದೆ ಅಂತ ತೋರಿಸುವ ಡಯಲ್, ವ್ಯಾಕ್ಯೂಮ್ ಪಂಪಿನದು, ಅದೂ ತಿರುಗುತ್ತಿತ್ತು.

ಟ್ರೇನಿಂಗಿನಲ್ಲಿ ಬಾಯಿಪಾಠ ಮಾಡಿಸಿರುತ್ತಾರೆ: ರೇಡಿಯೋ ಹೋದರೆ ಟ್ರಾನ್ಸ್‌ಪಾಂಡರ್‌ನಲ್ಲಿ (ರಾಡಾರಿಗೆ ವಿಮಾನದ ಗುರುತಿನ ಅಂಕಿ ಕಳಿಸುವ ಪೆಟ್ಟಿಗೆ) 7600 ಹಾಕು. ಕೈ ತಾನಾಗೇ ಅಲ್ಲಿಗೆ ಹೋಯಿತು, ನಾಬ್ ತಿರುಗಿಸಿದೆ, 7600 ಕೂರಿಸಿದೆ. ಆಮೇಲೆ ನಗು ಬಂತು. ಟ್ರಾನ್ಸ್‌ಪಾಂಡರ್ ಕೂಡ ಸತ್ತಿತ್ತಲ್ವಾ.

ಈಗ ರೇಡಿಯೋ ವಿಷಯಕ್ಕೆ ಬರೋಣ.

ಅದು ಹಿಂದಿನ ಸೀಟಿನ ಮೇಲಿದ್ದ ಬ್ಯಾಗಿನ ತಳದಲ್ಲಿತ್ತು. ಒಬ್ಬನೇ ಹಾರುವಾಗ ಹಿಂದಿನ ಸೀಟು ಬೇರೆ ಊರಿದ್ದ ಹಾಗೆ. ಭುಜದ ಬೆಲ್ಟ್ ಸಡಿಲ ಮಾಡಿ, ಒಂದು ಕೈ ಯೋಕ್ (ವಿಮಾನದ ಸ್ಟೀರಿಂಗ್) ಮೇಲೆ ಇಟ್ಟು, ಇನ್ನೊಂದರಲ್ಲಿ ತಡಕಾಡಿದೆ. ತಿರುಗಿ ಮುಂದೆ ನೋಡಿದರೆ ವಿಮಾನ 300 ಅಡಿ ಇಳಿದಿತ್ತು. ಇದು ರೇಡಿಯೋದ ತಪ್ಪಲ್ಲ, ನನ್ನದೇ. ಈಗ ಅದು ನನ್ನ ಸೀಟಿನ ಪಕ್ಕದ ಜೇಬಿನಲ್ಲಿ ಇರುತ್ತದೆ.

ಆನ್ ಮಾಡಿದೆ. ಬ್ಯಾಟರಿ ಮೂರು ಗೆರೆ ತೋರಿಸಿತು. ಎರಡು ತಿಂಗಳ ಹಿಂದೆ ಚಾರ್ಜ್ ಮಾಡಿದ ಲಿಥಿಯಂ ಬ್ಯಾಟರಿ ಅಷ್ಟು ಉಳಿಸಿಕೊಂಡಿದ್ದು ದೊಡ್ಡ ವಿಷಯ, ಅದಕ್ಕೆ ಪೂರ್ತಿ ಅಂಕ. ತುರ್ತು ಫ್ರೀಕ್ವೆನ್ಸಿ 121.5ಕ್ಕೆ ಬೇರೆಯೇ ಒಂದು ಗುಂಡಿ ಇದೆ. ಒತ್ತಿ ಹಿಡಿದರೆ ನೇರ ಅಲ್ಲಿಗೆ ಹೋಗುತ್ತದೆ, ಮೆನು ಗಿನು ಏನಿಲ್ಲ. ಅಂಕಿ ಒತ್ತುವ ಕೀಗಳು ದಪ್ಪ, ನಡುಗುವ ಬೆರಳಿಗೂ ತಪ್ಪಲಿಲ್ಲ. ಇವೆರಡನ್ನು ಮಾಡಿದವರು ಒಮ್ಮೆಯಾದರೂ ವಿಮಾನದಲ್ಲಿ ಕೂತಿರಬೇಕು.

ಸ್ಪೀಕರ್ ಮಾಡಿದವರು ಕೂತಿಲ್ಲ. ವಾಲ್ಯೂಮ್ ಪೂರ್ತಿ ತಿರುಗಿಸಿದರೂ ಇಂಜಿನ್ ಸದ್ದಿನಲ್ಲಿ ಯಾರೋ ಬಕೆಟ್ಟಿನೊಳಗೆ ತಲೆ ಹಾಕಿ ಮಾತಾಡಿದ ಹಾಗೆ ಕೇಳುತ್ತಿತ್ತು. ಹೆಡ್‌ಸೆಟ್ ಅಡಾಪ್ಟರ್ ಇಲ್ಲದೆ ಈ ರೇಡಿಯೋ ಗಾಳಿಯಲ್ಲಿ ಕೆಲಸಕ್ಕೆ ಬಾರದು. ತಮಾಷೆ ಅಂದರೆ ಆ ಅಡಾಪ್ಟರನ್ನು ಡಬ್ಬಿಯೊಳಗೆ ಕೊಡುವ ಬದಲು ‘ಬೇಕಾದರೆ ಕೊಳ್ಳಿ’ ಪಟ್ಟಿಗೆ ಹಾಕುವುದೂ ಉಂಟು. ನೀವು ತಗೊಳ್ಳುವ ಮೊದಲು ಡಬ್ಬಿಯ ಪಟ್ಟಿ ಓದಿ. ನನ್ನ ಹತ್ತಿರ ಅಡಾಪ್ಟರ್ ಇತ್ತು. ಪ್ಯಾನೆಲ್‌ನಿಂದ ಹೆಡ್‌ಸೆಟ್ಟಿನ ಎರಡು ಪಿನ್ ಕಿತ್ತು ಅದಕ್ಕೆ ಚುಚ್ಚಿದೆ. ಪ್ರಪಂಚ ವಾಪಸ್ ಬಂತು: ಬೇರೆ ಪೈಲಟ್‌ಗಳ ಮಾತು ಸ್ಪಷ್ಟವಾಗಿ ಕೇಳಿಸಿತು. ಆ ಕ್ಷಣ ಆದ ಸಮಾಧಾನಕ್ಕೇ ಒಂದು ಸ್ಟಾರ್ ಜಾಸ್ತಿ ಕೊಡಬಹುದು.

ಆದರೆ ನಾನು ಮಾತಾಡಿದರೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಸೈಡ್‌ಟೋನ್ ಅಂತ ಒಂದು ಸೆಟ್ಟಿಂಗ್ ಇದೆ, ಮೆನುವಿನಲ್ಲಿ ಆಫ್ ಆಗಿ ಕೂತಿತ್ತು. ದನಿ ಹೋಗುತ್ತಿಲ್ಲ ಅಂದುಕೊಂಡು ಕಿರುಚತೊಡಗಿದೆ. ಕಿರುಚಿದರೆ ಮಾತು ಒಡೆದು ಇನ್ನೂ ಅರ್ಥವಾಗುವುದಿಲ್ಲ. ಮಾತಾಡುವ ಗುಂಡಿಯೂ ರೇಡಿಯೋದ ಪಕ್ಕದಲ್ಲೇ ಇದೆ, ಹಾಗಾಗಿ ಒಂದು ಕೈ ಪೂರ್ತಿ ಅದಕ್ಕೇ ಮೀಸಲು. ಯೋಕ್‌ಗೆ ಕಟ್ಟಿಕೊಳ್ಳುವ ಗುಂಡಿ ಬೇರೆ ಸಿಗುತ್ತದೆ. ತಗೊಳ್ಳಿ.

ಟವರ್ ಉತ್ತರ ಕೊಡಲಿಲ್ಲ.

ಇಲ್ಲಿ ಆ 6 ವಾಟಿನ ಕಥೆ. ಅದು ಪೀಕ್ ಲೆಕ್ಕ, ಅಂದರೆ ಮಾತಿನ ಏರಿಳಿತದಲ್ಲಿ ಕ್ಷಣಮಾತ್ರ ಮುಟ್ಟುವ ತುದಿ. ಕ್ಯಾರಿಯರ್, ಅಂದರೆ ಮಾತು ಹೊತ್ತೊಯ್ಯುವ ಮೂಲ ಅಲೆಯ ಲೆಕ್ಕದಲ್ಲಿ ಎರಡು ವಾಟಿಗೂ ಕಮ್ಮಿ. ಪ್ಯಾನೆಲ್‌ನ ರೇಡಿಯೋ ಸಾಮಾನ್ಯವಾಗಿ 10 ವಾಟ್ ಕ್ಯಾರಿಯರ್ ಕೊಡುತ್ತದೆ, ಅದರ ಆಂಟೆನಾ ವಿಮಾನದ ನೆತ್ತಿಯ ಮೇಲಿರುತ್ತದೆ. ನನ್ನದು ಗೇಣುದ್ದದ ರಬ್ಬರ್ ಆಂಟೆನಾ, ಅದೂ ಅಲ್ಯೂಮಿನಿಯಂ ಡಬ್ಬಿಯೊಳಗೆ. 3,000 ಅಡಿಯಲ್ಲಿ ರೇಡಿಯೋ ಅಲೆಗೆ ಅಡ್ಡಿ ಇಲ್ಲದ ದೂರ ಸುಮಾರು 67 ನಾಟಿಕಲ್ ಮೈಲಿ. ಆ ಲೆಕ್ಕ ಆಂಟೆನಾ ಹೊರಗಿದ್ದಾಗ. ನನ್ನ ದನಿ ಕಿಟಕಿಯ ಸಂದಿಯಿಂದ ಎಷ್ಟು ಸೋರುತ್ತದೋ ಅಷ್ಟೇ ಹೋಗುವುದು. ಟವರ್ ಮಾತಾಡುವುದು ನನಗೆ ಕೇಳುತ್ತಿತ್ತು, ನಾನು ಮಾತಾಡಿದ್ದು ಅವರಿಗೆ ಕೇಳುತ್ತಿರಲಿಲ್ಲ. ಮದುವೆ ಮನೆಯಲ್ಲಿ ಕಿವುಡು ಅಜ್ಜನ ಜೊತೆ ಮಾತಾಡಿದ ಹಾಗೆ.

ಅಷ್ಟರಲ್ಲಿ ದಾರಿಯ ಚಿಂತೆ. ಪ್ಯಾನೆಲ್ ಸತ್ತ ಮೇಲೆ ದಿಕ್ಕು ತೋರಿಸಲಿ ಅಂತಲೇ ಜಾಸ್ತಿ ದುಡ್ಡು ಕೊಟ್ಟು ಈ ಮಾದರಿ ತಗೊಂಡಿದ್ದೆ. ಮೊದಲು ವಿಒಆರ್ ಹಾಕಿದೆ. ಪರದೆ ಮೇಲಿನ ಸೂಜಿ ಎಡಕ್ಕೆ, ಬಲಕ್ಕೆ, ಆಮೇಲೆ ಮಾಯ. ಕಾರಣ ಆಮೇಲೆ ತಿಳಿಯಿತು. ವಿಒಆರ್ ಸಿಗ್ನಲ್ ಅಡ್ಡಡ್ಡ ಪೋಲರೈಸ್ ಆಗಿರುತ್ತದೆ, ಅದಕ್ಕೇ ವಿಮಾನದ ಬಾಲದ ಮೇಲೆ ಆ ಅಡ್ಡ ಮೀಸೆಯಂಥ ಆಂಟೆನಾ ಇರುವುದು. ಮಾತಿನ ಸಿಗ್ನಲ್ ಉದ್ದುದ್ದ. ಕೈಯಲ್ಲಿ ನೆಟ್ಟಗೆ ಹಿಡಿದ ರಬ್ಬರ್ ಕಡ್ಡಿಗೆ ಅಡ್ಡ ಸಿಗ್ನಲ್ ಸಿಗುವುದೇ ಕಷ್ಟ. ಜೊತೆಗೆ ನನ್ನ ರೇಡಿಯೋದಲ್ಲಿ ವಿಒಆರ್ ನೋಡುತ್ತಿರುವಷ್ಟು ಹೊತ್ತು ಟವರಿನ ಮಾತು ಕೇಳುವುದಿಲ್ಲ. ಎರಡರಲ್ಲಿ ಒಂದು ಆರಿಸಿಕೋ ಅಂದರೆ ನಾನು ಕಿವಿಯನ್ನೇ ಆರಿಸಿಕೊಳ್ಳುತ್ತೇನೆ.

ಜಿಪಿಎಸ್ ಪರವಾಗಿಲ್ಲ, ಆದರೆ ಎರಡು ತಿಂಗಳು ನಿದ್ದೆ ಮಾಡಿ ಎದ್ದಿತ್ತು. ತಲೆ ಮೇಲೆ ರೆಕ್ಕೆ ಬೇರೆ. ಸ್ಯಾಟಲೈಟ್ ಹುಡುಕುತ್ತಲೇ ಇತ್ತು. ಆಕಾಶ ಕಾಣಲಿ ಅಂತ ಅದನ್ನು ಡ್ಯಾಶ್‌ಬೋರ್ಡಿನ ಮೇಲೆ, ಗಾಜಿನ ಹತ್ತಿರ ಇಟ್ಟೆ. ಆಮೇಲೆ ಶಿಸ್ತಿನ ಪೈಲಟ್ ಮಾಡುವ ಕೆಲಸ ಮಾಡಿದೆ. ಹೆಡಿಂಗ್ ಇಂಡಿಕೇಟರ್ ಹೊತ್ತು ಕಳೆದಂತೆ ಜಾರುತ್ತದೆ, ಹಾಗಾಗಿ 15 ನಿಮಿಷಕ್ಕೊಮ್ಮೆ ಕಂಪಾಸ್ ನೋಡಿ ಸರಿ ಮಾಡಬೇಕು. ಕಂಪಾಸ್ 090 ಅಂದಿತು. ಇಂಡಿಕೇಟರನ್ನೂ 090 ಮಾಡಿದೆ. ನಾನು ಹೋಗಬೇಕಾದ್ದು 070, ಎಲ್ಲೋ ದಾರಿ ತಪ್ಪಿದ್ದೇನೆ ಅಂದುಕೊಂಡು 20 ಡಿಗ್ರಿ ಎಡಕ್ಕೆ ತಿರುಗಿದೆ.

ನನ್ನ ಚಾರ್ಟ್ ಪ್ರಕಾರ ಒಂದು ರೈಲು ಹಳಿ ಎಡಗಡೆ, ಒಂದು ಮೈಲಿ ದೂರದಲ್ಲಿ, ಜೊತೆ ಜೊತೆಯಲ್ಲೇ ಬರಬೇಕು. ಅಲ್ಲಿಯವರೆಗೆ ಬರುತ್ತಲೂ ಇತ್ತು. ಎರಡು ನಿಮಿಷದಲ್ಲಿ ಅದು ಮೂಗಿನ ಕೆಳಗೆ ಬಂತು. ನಾಲ್ಕು ನಿಮಿಷಕ್ಕೆ ಬಲಗಡೆ ಹೋಗಿತ್ತು. ಹಳಿ ಸರಿಯುವುದಿಲ್ಲ. ಸರಿದದ್ದು ನಾನೇ. 90 ನಾಟ್ ವೇಗಕ್ಕೆ ನಾಲ್ಕು ನಿಮಿಷ ಅಂದರೆ ಆರು ಮೈಲಿ. ಒಂದು ಡಿಗ್ರಿ ತಪ್ಪಿದರೆ 60 ಮೈಲಿಗೆ ಒಂದು ಮೈಲಿ ಆಚೆ, ಹಾಗಾದರೆ 20 ಡಿಗ್ರಿಗೆ ಆರು ಮೈಲಿಯಲ್ಲಿ ಎರಡು ಮೈಲಿ. ಲೆಕ್ಕ ಕೂಡಿತು. ಯಾಕೆ ಅಂತ ಮಾತ್ರ ತಿಳಿಯಲಿಲ್ಲ.

ಜಿಪಿಎಸ್ ಸಿಕ್ಕಿತಾ ನೋಡೋಣ ಅಂತ ರೇಡಿಯೋ ಎತ್ತಿಕೊಂಡೆ. ಕಂಪಾಸ್ ಗೊತ್ತಲ್ಲ, ದ್ರವ ತುಂಬಿದ ಪುಟ್ಟ ಬುಡ್ಡಿ, ಒಳಗೆ ತೇಲುವ ಅಂಕಿಗಳ ಪಟ್ಟಿ. ಆ ಪಟ್ಟಿ ನನ್ನ ಕಣ್ಣೆದುರೇ ಮೆಲ್ಲಗೆ ತಿರುಗಿ ನಿಂತಿತು. ರೆಕ್ಕೆ ಒಂದಿಷ್ಟೂ ವಾಲಿಲ್ಲ, ವಿಮಾನ ನೆಟ್ಟಗೆ ಹೋಗುತ್ತಿದೆ. ರೇಡಿಯೋ ವಾಪಸ್ ಇಟ್ಟೆ: 070. ತೆಗೆದೆ: 050. ಮತ್ತೆ ಇಟ್ಟೆ. ಮತ್ತೆ ತೆಗೆದೆ. ಆ ಹೊತ್ತಿನಲ್ಲೂ ಸಣ್ಣ ಹುಡುಗನ ಹಾಗೆ ಮೂರು ಸಲ ಮಾಡಿ ನೋಡಿದೆ. ರೇಡಿಯೋದ ಸ್ಪೀಕರಿನಲ್ಲಿ ಅಯಸ್ಕಾಂತ ಇದೆ. ದಾರಿ ತೋರಿಸಲಿ ಅಂತ ತಂದ ಸಾಮಾನು, ಬದುಕಿ ಉಳಿದಿದ್ದ ಒಂದೇ ಒಂದು ದಿಕ್ಸೂಚಿಯನ್ನು ಕೆಡಿಸಿ ಕೂತಿತ್ತು. ಸೂಚನಾ ಪುಸ್ತಕವನ್ನು ಆಮೇಲೆ ತೆಗೆದು ನೋಡಿದೆ. ಕಂಪಾಸ್ ಹತ್ತಿರ ಇಡಬೇಡಿ ಅನ್ನುವ ಸಾಲು ಇದೆ, ಸಣ್ಣ ಅಕ್ಷರದಲ್ಲಿ, ನೀರಿಗೆ ಹಾಕಬೇಡಿ, ಮಕ್ಕಳ ಕೈಗೆ ಕೊಡಬೇಡಿ ಅನ್ನುವುದರ ನಡುವೆ. ಇದು ಪುಸ್ತಕದ ಮೊದಲ ಪುಟದಲ್ಲಿ ಇರಬೇಕಿತ್ತು. ಒಂದು ಸ್ಟಾರ್ ಕಟ್.

ಇಂಡಿಕೇಟರ್ ಸರಿ ಮಾಡಿಕೊಂಡು ಹಳಿಯ ಮೇಲೆ ವಾಪಸ್ ಬಂದೆ. ಆಮೇಲೆ ಅದನ್ನು ಬಿಡಲಿಲ್ಲ. ಜಿಪಿಎಸ್ ಕೊನೆಗೂ ಎದ್ದು, ಹೋಗಬೇಕಾದ ಜಾಗದ ದೂರ ಮತ್ತು ದಿಕ್ಕು ತೋರಿಸಿತು. ನಕ್ಷೆ ಇಲ್ಲ, ಒಂದು ಬಾಣ, ಒಂದು ಅಂಕಿ. ಅಷ್ಟೇ ಸಾಕಿತ್ತು, 18 ಮೈಲಿ ಅಂತ ಗೊತ್ತಾಯಿತು. ಅಲ್ಲಿಂದ ಮತ್ತೆ ಕರೆದೆ. ಟವರ್ ಸುಮ್ಮನಿತ್ತು. ಮೇಲೆ ಎಲ್ಲೋ ಹೋಗುತ್ತಿದ್ದ ಇನ್ನೊಂದು ವಿಮಾನ ಉತ್ತರ ಕೊಟ್ಟಿತು: ‘ನಿಮ್ಮ ದನಿ ಕ್ಷೀಣವಾಗಿ ಕೇಳುತ್ತಿದೆ, ನಾನು ಟವರಿಗೆ ಹೇಳುತ್ತೇನೆ.’ ನನ್ನ ಎತ್ತರ, ಜಾಗ, ಕರೆಂಟು ಪೂರ್ತಿ ಹೋಗಿದೆ ಅನ್ನುವುದನ್ನು ಅವರೇ ದಾಟಿಸಿದರು. ಮನುಷ್ಯ ಯಾರೋ ಗೊತ್ತಿಲ್ಲ. ಎರಡು ವಾಟಿನ ದನಿ ನೆಲಕ್ಕೆ ಹೋಗದಿದ್ದರೂ ಆಕಾಶದಲ್ಲಿರುವ ಇನ್ನೊಬ್ಬರಿಗೆ ಹೋಗಬಹುದು, ಇದನ್ನು ನೆನಪಿಟ್ಟುಕೊಳ್ಳಿ.

ಆರು ಮೈಲಿಗೆ ಟವರ್ ನೇರ ಸಿಕ್ಕಿತು. ‘ಓದಬಲ್ಲೆ, ಮೂರು’ ಅಂದರು. ಐದಕ್ಕೆ ಮೂರು ಅಂದರೆ ಕಷ್ಟಪಟ್ಟು ಅರ್ಥವಾಗುತ್ತದೆ ಅಂತ. ನನ್ನ ಕೈ ರೇಡಿಯೋ ಎಷ್ಟು ಹೊತ್ತು ಬದುಕುತ್ತದೋ ಅಂತ ಅವರಿಗೂ ಅನುಮಾನ. ದೀಪ ನೋಡುತ್ತಿರಿ ಅಂದರು. ಒಂದು ಸುತ್ತು ಹಾಕಿಸಿದರು, ಮುಂದೆ ಇದ್ದವರನ್ನು ಇಳಿಸಿಕೊಂಡರು. ಆಮೇಲೆ ಟವರಿನ ಗಾಜಿನಿಂದ ಹಸಿರು ದೀಪ ಬಂತು, ಮಿಣುಕದೆ, ನಿಂತ ಹಸಿರು. ಹಾರುತ್ತಿರುವವರಿಗೆ ಅದರ ಅರ್ಥ ಇಳಿಯಬಹುದು ಅಂತ. ಮಿಣುಕುವ ಹಸಿರಾಗಿದ್ದರೆ ಇಳಿಯೋಕೆ ವಾಪಸ್ ಬಾ, ನಿಂತ ಕೆಂಪಾದರೆ ದಾರಿ ಬಿಟ್ಟು ಸುತ್ತು ಹೊಡಿ, ಮಿಣುಕುವ ಕೆಂಪಾದರೆ ಇಲ್ಲಿ ಇಳಿಯಬೇಡ. ದೀಪ ಕಂಡೆ ಅಂತ ತಿಳಿಸಲು ರೆಕ್ಕೆ ಎರಡು ಸಲ ಅಲ್ಲಾಡಿಸಿದೆ. ಪರೀಕ್ಷೆಗೆ ಓದಿದ್ದು ಬಿಟ್ಟರೆ ಆ ದೀಪ ನಾನು ನೋಡಿದ್ದು ಅದೇ ಮೊದಲು. ಹಗಲಿನಲ್ಲಿ ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿ ಕಾಣುತ್ತದೆ, ಎಲ್ಲಿ ನೋಡಬೇಕು ಅಂತ ಗೊತ್ತಿದ್ದರೆ ಮಾತ್ರ ಸಿಗುತ್ತದೆ.

ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂದೆ ಬಾಗಿಸುವ ಫ್ಲ್ಯಾಪ್ ಕೂಡ ಕರೆಂಟಿನದ್ದೇ, ಹಾಗಾಗಿ ಫ್ಲ್ಯಾಪ್ ಇಲ್ಲದೆ ಇಳಿದೆ. ರನ್‌ವೇ ಉದ್ದ ಇತ್ತು, ತೇಲಿಕೊಂಡು ಹೋಗಿ ಕೂತಿತು. ರೇಡಿಯೋ ಆನ್ ಮಾಡಿದಾಗಿನಿಂದ ಇಂಜಿನ್ ನಿಲ್ಲಿಸುವವರೆಗೆ 40 ನಿಮಿಷ. ಕೊನೆಗೆ ಎರಡು ಗೆರೆ ಉಳಿದಿತ್ತು. ಆಲ್ಟರ್ನೇಟರಿನ ಹಿಂದೆ ಒಂದು ವೈರ್ ತುಂಡಾಗಿತ್ತು, ಕಡ್ಡಿಯಷ್ಟು ದಪ್ಪದ್ದು.

ಆಮೇಲೆ ಎರಡು ಕೆಲಸ ಮಾಡಿಸಿದೆ. ಕ್ಲಬ್ಬಿನವರನ್ನು ಕಾಡಿ, ಲೈಸೆನ್ಸ್ ಇರುವ ಇಂಜಿನಿಯರ್ ಕೈಲಿ ಪ್ಯಾನೆಲ್‌ನ ಕೆಳಗೆ ಒಂದು ಸಾಕೆಟ್ ಹಾಕಿಸಿದೆವು. ಹ್ಯಾಂಡ್‌ಹೆಲ್ಡ್‌ನ ರಬ್ಬರ್ ಆಂಟೆನಾ ಬಿಚ್ಚಿ, ಒಂದು ಕೇಬಲ್ ಚುಚ್ಚಿದರೆ ವಿಮಾನದ ನೆತ್ತಿಯ ಆಂಟೆನಾ ಇದಕ್ಕೆ ಸಿಗುತ್ತದೆ. ಅದೇ ದಾರಿಯಲ್ಲಿ, ಅದೇ ಎತ್ತರದಲ್ಲಿ ಮತ್ತೆ ಹಾರಿ ನೋಡಿದೆ. 38 ಮೈಲಿಯಿಂದ ಟವರ್ ‘ಐದಕ್ಕೆ ಐದು’ ಅಂದಿತು. ಅದೇ ಎರಡು ವಾಟ್! ರೇಡಿಯೋ ಕೆಟ್ಟದ್ದಾಗಿರಲಿಲ್ಲ, ಪಾಪ, ಅದರ ಬಾಯಿಗೆ ಬಟ್ಟೆ ಕಟ್ಟಿದ್ದೆವು. ಎರಡನೆಯದು, ಪೆನ್ಸಿಲ್ ಸೆಲ್ ಹಾಕುವ ಬ್ಯಾಟರಿ ಡಬ್ಬಿ. ಅದರಲ್ಲಿ ಪವರ್ ಸ್ವಲ್ಪ ಕಡಿಮೆ, ಆದರೆ ಸೆಲ್ ಪ್ಯಾಕೆಟ್ಟು ವರ್ಷಗಟ್ಟಲೆ ಚಾರ್ಜ್ ಇಟ್ಟುಕೊಂಡು ಸುಮ್ನೆ ಬಿದ್ದಿರುತ್ತದೆ, ನಮ್ಮ ಮರೆವನ್ನು ಕ್ಷಮಿಸುತ್ತದೆ.

ಇನ್ನು ಸಣ್ಣಪುಟ್ಟದ್ದು. ಪರದೆ ಬಿಸಿಲಲ್ಲಿ ಚೆನ್ನಾಗಿ ಕಾಣುತ್ತದೆ. ಪೋಲರೈಸ್ಡ್ ಕನ್ನಡಕ ಹಾಕಿದ್ದರೆ ಒಂದು ಕೋನದಲ್ಲಿ ಪೂರ್ತಿ ಕಪ್ಪು, ಅದನ್ನು ತೆಗೆದಿಟ್ಟು ಹಾರಿ. ಬೆಲ್ಟ್ ಕ್ಲಿಪ್ ಗಟ್ಟಿ ಇಲ್ಲ, ನನ್ನದು ಒಂದು ವರ್ಷಕ್ಕೆ ಮುರಿಯಿತು. ಯುರೋಪಿನಲ್ಲಿ ಹಾರುವವರು 8.33 ಕಿಲೋಹರ್ಟ್ಸ್ ಅಂತರದ, ಅಂದರೆ ಇನ್ನೂ ಒತ್ತೊತ್ತಾಗಿರುವ ಚಾನೆಲ್ ಇದೆಯಾ ನೋಡಿಕೊಳ್ಳಿ. ಹಳೆಯ 25 ಕಿಲೋಹರ್ಟ್ಸ್ ಸೆಟ್‌ಗಳಲ್ಲಿ 760 ಚಾನೆಲ್ ಮಾತ್ರ, ಅಲ್ಲಿ ಸಾಲದು. ಲೈಸೆನ್ಸ್ ವಿಷಯ ನಿಮ್ಮ ನಿಮ್ಮ ದೇಶದ ನಿಯಮ ನೋಡಿಕೊಂಡು ತಗೊಳ್ಳಿ.

ತಗೋಬೇಕಾ ಅಂತ ಕೇಳಿದರೆ, ತಗೊಳ್ಳಿ, ಆದರೆ ನನ್ನ ಮಾದರಿ ಬೇಡ. ಬರೀ ಮಾತಾಡುವ ಮಾದರಿ ಸಾಕು. ವಿಒಆರ್‌ಗೆ ಕೊಟ್ಟ ದುಡ್ಡು ದಂಡ. ದಾರಿಗೆ ಫೋನು, ಟ್ಯಾಬ್ಲೆಟ್ಟಿನ ಜಿಪಿಎಸ್ ಇದಕ್ಕಿಂತ ಎಷ್ಟೋ ವಾಸಿ, ನಕ್ಷೆಯಾದರೂ ಕಾಣುತ್ತದೆ. ಬಿಸಿಲಿಗೆ ಕಾದು ಆಫ್ ಆಗದ ಹಾಗೆ ನೆರಳಲ್ಲಿಡಿ. ಉಳಿದ ದುಡ್ಡಲ್ಲಿ ಹೆಡ್‌ಸೆಟ್ ಅಡಾಪ್ಟರ್, ಯೋಕ್ ಗುಂಡಿ, ಹೊರಗಿನ ಆಂಟೆನಾಗೆ ಕೇಬಲ್, ಈ ಮೂರು ಬರುತ್ತವೆ. ಮೋಡದೊಳಗೆ ಹಾರುವವರು ಈ ಒಂದನ್ನೇ ನಂಬಿಕೊಂಡು ಹೋಗುವುದು ಮಾತ್ರ ಬೇಡ. ನನಗೆ ಅವತ್ತು ರೈಲು ಹಳಿ ಕಾಣುತ್ತಿತ್ತು.

ಆ ಮುರಿದ ಕ್ಲಿಪ್ಪಿನ ಜಾಗಕ್ಕೆ ಈಗ ಒಂದು ಅಂಟುಪಟ್ಟಿ ಹಚ್ಚಿ, ಕೆಂಪು ಶಾಯಿಯಲ್ಲಿ ‘ಕಂಪಾಸ್‌ನಿಂದ ದೂರ’ ಅಂತ ಬರೆದಿದ್ದೇನೆ. ಹೋದ ವಾರ ಕ್ಲಬ್ಬಿನ ಹೊಸ ಹುಡುಗನೊಬ್ಬ ಅದನ್ನು ಓದಿ, ಯಾಕೆ ಸಾರ್ ಅಂತ ಕೇಳಿದ. ರೇಡಿಯೋ ಅವನ ಕೈಗೇ ಕೊಟ್ಟು, ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ತೆಗೆದು ನೋಡು ಅಂದೆ. ಅವನೂ ಮೂರು ಸಲ ಮಾಡಿದ.